ಬಿಟ್ಟಿಗೆ ಅರ ಹಾಕಬೇಕೋ, ಬೇಡವೋ? ಒಂದು ಜಗಳದ ಹಿಂದಿರುವ ಬೆಸುಗೆಯ ಚರಿತ್ರೆ

ಯಾವ ಊರಿನ ಸಂತೆಬೀದಿಯ ರಿಪೇರಿ ಅಂಗಡಿಗೆ ಹೋದರೂ ಸೋಲ್ಡ್ರಿಂಗ್ ಬಗ್ಗೆ ಎರಡು ತದ್ವಿರುದ್ಧ ಮಾತು ಕಿವಿಗೆ ಬೀಳುತ್ತವೆ. ರೇಡಿಯೊ ಕಾಲದಿಂದ ಕೆಲಸ ಮಾಡಿದ ಹಿರಿಯ ಮೆಕ್ಯಾನಿಕ್, “ಬಿಟ್ ಕಪ್ಪಾಗಿದೆಯಾ? ಅರ ತಗೊಂಡು ಚೆನ್ನಾಗಿ ಉಜ್ಜಪ್ಪಾ, ಆಮೇಲೆ ಲೆಡ್ ಹಿಡಿಯುತ್ತೆ” ಅನ್ನುತ್ತಾರೆ. ಮೊಬೈಲ್ ರಿಪೇರಿ ಕೋರ್ಸ್ ಮುಗಿಸಿ ಬಂದ ಹುಡುಗ, “ಅಯ್ಯೋ ಸಾರ್, ಅರ ಮುಟ್ಟಿಸಲೇಬೇಡಿ, ಬಿಟ್ ಸತ್ತೇ ಹೋಗುತ್ತೆ” ಅನ್ನುತ್ತಾನೆ. ಕೇಳುವವನಿಗೆ ಗೊಂದಲ. ಯಾರನ್ನು ನಂಬುವುದು?

ಇಬ್ಬರೂ ಹೇಳುವುದು ನಿಜ. ಆದರೆ ಇಬ್ಬರೂ ಬೇರೆ ಬೇರೆ ಕಾಲದ ಬಿಟ್ ಬಗ್ಗೆ ಮಾತಾಡುತ್ತಿದ್ದಾರೆ. ಬೆಸುಗೆ ಕೆಲಸದಲ್ಲಿ ಇದು ಒಂದೇ ವಿಷಯದಲ್ಲಿ ಅಲ್ಲ. ಯಾವ ಪೇಸ್ಟ್ ಹಚ್ಚಬೇಕು, ಲೆಡ್ಡನ್ನು ಎಲ್ಲಿಗೆ ಮುಟ್ಟಿಸಬೇಕು, ಎಷ್ಟು ಬಿಸಿ ಇಡಬೇಕು, ಹೀಗೆ ಪ್ರತಿಯೊಂದರಲ್ಲೂ ಒಂದೊಂದು ಕಾಲದ ಅಭ್ಯಾಸ ನಮ್ಮ ಕೈಗಳಲ್ಲಿ ಉಳಿದುಕೊಂಡಿದೆ. ಎಲ್ಲವನ್ನೂ ಕಲಸಿ ಮಾಡಿದರೆ ಬೋರ್ಡ್ ಸುಡುತ್ತದೆ. ಯಾವುದು ಯಾವ ಕಾಲದ್ದು ಎಂದು ಗೊತ್ತಿದ್ದರೆ ಕೆಲಸ ಹಗುರ. ಅದಕ್ಕೇ ಈ ಲೇಖನ.

ಇದು ಹವ್ಯಾಸದ ಹುಡುಗರಿಗೆ ಮಾತ್ರ ಸಂಬಂಧಿಸಿದ ವಿಷಯ ಅಲ್ಲ. ಈಗ ನಮ್ಮ ಮನೆಯ ಎಲ್‌ಇಡಿ ಬಲ್ಬ್, ತೋಟದ ಪಂಪಿನ ಸ್ಟಾರ್ಟರ್ ಬೋರ್ಡ್, ಸೋಲಾರ್ ದೀಪ, ಹಾಲಿನ ಡೇರಿಯ ತೂಕದ ಯಂತ್ರ ಎಲ್ಲದರೊಳಗೂ ಬೆಸುಗೆಯೇ ಇದೆ. ಒಂದು ಬೆಸುಗೆ ಬಿಟ್ಟರೆ ಇಡೀ ವಸ್ತು ಸತ್ತಂತೆ. ಹತ್ತು ರೂಪಾಯಿ ಕೆಲಸ ಗೊತ್ತಿಲ್ಲದೆ ಸಾವಿರಾರು ರೂಪಾಯಿಯ ಬೋರ್ಡ್ ತಿಪ್ಪೆ ಸೇರುತ್ತದೆ.

ಕಲಾಯಿಯವರು ಮೊದಲೇ ಕಂಡುಕೊಂಡ ಗುಟ್ಟು

ಬೆಸುಗೆಯ ವಿಜ್ಞಾನ ಅರ್ಥವಾಗಬೇಕಾದರೆ ಎಲೆಕ್ಟ್ರಾನಿಕ್ಸ್ ಪುಸ್ತಕ ಬೇಡ. ಊರಿಗೆ ಕಲಾಯಿ ಹಾಕುವವರು ಬರುತ್ತಿದ್ದ ದಿನಗಳನ್ನು ನೆನಪಿಸಿಕೊಂಡರೆ ಸಾಕು. ನೆಲದಲ್ಲಿ ಗುಣಿ ತೋಡಿ, ಇದ್ದಿಲು ಸುರಿದು, ತಿದಿ ಒತ್ತಿ, ತಾಮ್ರ ಹಿತ್ತಾಳೆಯ ಪಾತ್ರೆ ಕಾಯಿಸುತ್ತಿದ್ದರು. ಹುಣಿಸೆಹುಳಿ ಬಿದ್ದರೆ ಪಾತ್ರೆಯಲ್ಲಿ ಕಿಲುಬು ಏಳುತ್ತದೆ, ಸಾರು ವಿಷವಾಗುತ್ತದೆ. ಅದನ್ನು ತಡೆಯಲು ಒಳಗೆ ತವರದ ತೆಳು ಪದರ ಹಚ್ಚುವುದೇ ಕಲಾಯಿ.

ಅವರ ಕೆಲಸದ ಕ್ರಮ ನೋಡಿ. ಮೊದಲು ಪಾತ್ರೆಯನ್ನು ಉಜ್ಜಿ ಶುದ್ಧ ಮಾಡುತ್ತಾರೆ. ಆಮೇಲೆ ಪಾತ್ರೆಯನ್ನೇ ಕಾಯಿಸುತ್ತಾರೆ. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚುತ್ತಾರೆ. ಬಿಳಿ ಹೊಗೆ ಎದ್ದು ಮೂಗು ಸುಟ್ಟಂತಾಗುತ್ತದೆ. ಆಗ ತವರದ ಕಡ್ಡಿ ಮುಟ್ಟಿಸಿದರೆ ಅದು ಬೆಣ್ಣೆಯಂತೆ ಕರಗುತ್ತದೆ. ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತದೆ.

ಎಲೆಕ್ಟ್ರಾನಿಕ್ಸ್ ಬೆಸುಗೆಯ ಪಾಠವೆಲ್ಲ ಇಷ್ಟರಲ್ಲೇ ಇದೆ. ಲೋಹದ ಮೇಲೆ ಗಾಳಿಯಿಂದಾಗುವ ಒಂದು ಪೊರೆ ಇರುತ್ತದೆ. ಅದನ್ನು ವಿಜ್ಞಾನದಲ್ಲಿ ಆಕ್ಸೈಡ್ ಅನ್ನುತ್ತಾರೆ. ಆ ಪೊರೆಯ ಮೇಲೆ ತವರ ನಿಲ್ಲುವುದಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉಂಡೆಯಾಗಿ ಉರುಳುತ್ತದೆ. ನವಸಾಗರ ಬಿಸಿಗೆ ಒಡೆದು ಬರುವ ಆಮ್ಲದ ಹೊಗೆ ಆ ಪೊರೆಯನ್ನು ತಿಂದುಹಾಕುತ್ತದೆ. ಶುದ್ಧ ಲೋಹ ಸಿಕ್ಕ ಕ್ಷಣ ತವರ ಒದ್ದೆ ಬಟ್ಟೆಯಲ್ಲಿ ನೀರು ಹರಡಿದಂತೆ ಹರಡುತ್ತದೆ. ಅದು ಬರೀ ಅಂಟಿಕೊಳ್ಳುವುದಲ್ಲ, ತಾಮ್ರದ ಜೊತೆ ಸೇರಿ ನಡುವೆ ಒಂದು ತೆಳುವಾದ ಹೊಸ ಪದರವನ್ನೇ ಹುಟ್ಟಿಸುತ್ತದೆ. ಹಾಗಾಗಿ ಅದು ಗೋಂದು ಅಲ್ಲ, ಸಂಬಂಧ.

ಸೋಲ್ಡ್ರಿಂಗ್ ಐರನ್ನಿನ ಬಿಟ್ ತುದಿ ಬೆಳ್ಳಗೆ ಹೊಳೆಯಬೇಕು ಎನ್ನುವುದೂ ಇದೇ ಕಾರಣಕ್ಕೆ. ಅದು ಬಿಟ್ಟಿಗೆ ಹಾಕಿದ ಕಲಾಯಿ. ಬಿಟ್ ಉಜ್ಜಿಕೊಳ್ಳಲು ನವಸಾಗರದ ಬಿಳಿ ಗಡ್ಡೆಯನ್ನು ಇವತ್ತಿಗೂ ಮಾರುತ್ತಾರೆ. ಕಲಾಯಿಯವರ ಚೀಲದಲ್ಲಿದ್ದ ಅದೇ ವಸ್ತು.

ಊರ್ ನಗರದ ಚಿನ್ನ, ರೋಮಿನ ನಲ್ಲಿ

ಲೋಹಕ್ಕೆ ಲೋಹ ಬೆಸೆಯುವ ವಿದ್ಯೆ ಬಹಳ ಹಳೆಯದು. ಈಗಿನ ಇರಾಕಿನಲ್ಲಿರುವ ಊರ್ ಎಂಬ ಪ್ರಾಚೀನ ನಗರದ ರಾಜಸಮಾಧಿಗಳನ್ನು ಲಿಯೊನಾರ್ಡ್ ವೂಲಿ ಎಂಬ ಬ್ರಿಟಿಷ್ ಸಂಶೋಧಕರು 1920ರ ದಶಕದಲ್ಲಿ ಅಗೆದರು. ಅಲ್ಲಿ ಸಿಕ್ಕ ಚಿನ್ನದ ಒಡವೆ, ಬಟ್ಟಲುಗಳಲ್ಲಿ ಬೆಸುಗೆಯ ಕೆಲಸ ಇತ್ತು. ಅವು ಸುಮಾರು 4,500 ವರ್ಷ ಹಳೆಯವು.

ಚಿನ್ನದ ಬೆಸುಗೆಗೆ ತುಂಬಾ ಬಿಸಿ ಬೇಕು. ನಮ್ಮ ಅಕ್ಕಸಾಲಿಗರು ಊದುಗೊಳವೆಯಿಂದ ಜ್ವಾಲೆಯನ್ನು ಒಂದೇ ಕಡೆಗೆ ಊದಿ, ಬಿಳಿಗಾರ ಹಚ್ಚಿ ಈ ಕೆಲಸ ಮಾಡುತ್ತ ಬಂದವರು. ನವಸಾಗರ ಮಾಡುವ ಕೆಲಸವನ್ನೇ ಬಿಳಿಗಾರ ಇಲ್ಲಿ ಹೆಚ್ಚಿನ ಬಿಸಿಯಲ್ಲಿ ಮಾಡುತ್ತದೆ. ಬಿಳಿಗಾರ ಸಿಗುತ್ತಿದ್ದುದು ಟಿಬೆಟ್, ಲಡಾಖ್ ಕಡೆಯ ಸರೋವರ, ಬಿಸಿನೀರಿನ ಬುಗ್ಗೆಗಳ ಬಳಿ. ಸಂಸ್ಕೃತದಲ್ಲಿ ಅದಕ್ಕೆ ಟಂಕಣ ಎಂದು ಹೆಸರು. ಆ ಹೆಸರೇ ಸರಕಿನ ಜೊತೆ ಪಶ್ಚಿಮಕ್ಕೆ ಹೋಗಿ ಯುರೋಪಿನ ವ್ಯಾಪಾರಿಗಳ ಬಾಯಲ್ಲಿ ‘ಟಿಂಕಲ್’ ಆಯಿತು.

ಕಡಿಮೆ ಬಿಸಿಯ ಬೆಸುಗೆ, ಅಂದರೆ ತವರ ಮತ್ತು ಸೀಸ ಸೇರಿಸಿದ ಬೆಸುಗೆ, ರೋಮನ್ನರ ಕಾಲದಲ್ಲಿ ದೊಡ್ಡ ಉದ್ಯೋಗವೇ ಆಗಿತ್ತು. ಅವರು ಊರಿಗೆ ನೀರು ತರಲು ಸೀಸದ ಕೊಳವೆ ಹಾಕುತ್ತಿದ್ದರು. ಎರಡು ಪಾಲು ಸೀಸ, ಒಂದು ಪಾಲು ತವರ ಸೇರಿಸಿ ಕೊಳವೆ ಬೆಸೆಯುತ್ತಿದ್ದರೆಂದು 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಸೀಸಕ್ಕೆ ಅವರ ಲ್ಯಾಟಿನ್ ಭಾಷೆಯಲ್ಲಿ ‘ಪ್ಲಂಬಮ್’ ಎಂದು ಹೆಸರು. ನಲ್ಲಿ ರಿಪೇರಿಯವರನ್ನು ನಾವು ಪ್ಲಂಬರ್ ಎಂದು ಕರೆಯುವುದು ಅಲ್ಲಿಂದಲೇ.

ಎರಡು ಸೇರಿದರೆ ಬೇಗ ಕರಗುವುದೇಕೆ?

ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೀಸ ಕರಗಲು 327 ಡಿಗ್ರಿ ಬೇಕು. ಎರಡನ್ನೂ ಸೇರಿಸಿದರೆ ಇವೆರಡರ ನಡುವಿನ ಲೆಕ್ಕ ಬರಬೇಕು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. 63 ಪಾಲು ತವರ, 37 ಪಾಲು ಸೀಸ ಸೇರಿದ ಮಿಶ್ರಣ 183 ಡಿಗ್ರಿಗೇ ನೀರಾಗುತ್ತದೆ. ಎರಡಕ್ಕಿಂತಲೂ ಕಡಿಮೆ!

ಈ ಲೆಕ್ಕಕ್ಕೆ ಇನ್ನೊಂದು ಲಾಭ ಇದೆ. ಬೇರೆ ಪ್ರಮಾಣದ ಮಿಶ್ರಣ ತಣ್ಣಗಾಗುವಾಗ ಸ್ವಲ್ಪ ಹೊತ್ತು ಅಂಬಲಿಯಂತೆ ಅರೆಗಟ್ಟಿ ಇರುತ್ತದೆ. ಆ ಹೊತ್ತಿನಲ್ಲಿ ಕೈ ಅಲ್ಲಾಡಿದರೆ ಒಳಗೆ ಬಿರುಕು. 63–37 ಮಿಶ್ರಣದಲ್ಲಿ ಆ ಅಂಬಲಿ ಹಂತವೇ ಇಲ್ಲ. ನೀರಾಗಿದ್ದದ್ದು ನೇರವಾಗಿ ಗಟ್ಟಿಯಾಗುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 60–40 ತಂತಿಯಲ್ಲಿ ಆ ಹಂತ ಕೆಲವೇ ಡಿಗ್ರಿಯಷ್ಟು ಮಾತ್ರ, ಹಾಗಾಗಿ ಅದೂ ಒಳ್ಳೆಯದೇ. ನಾವು ಬಾಯಿಮಾತಿನಲ್ಲಿ ‘ಲೆಡ್’ ಅನ್ನುವ ಈ ತಂತಿಯಲ್ಲಿ ನಿಜಕ್ಕೂ ಲೆಡ್, ಅಂದರೆ ಸೀಸಕ್ಕಿಂತ ತವರವೇ ಜಾಸ್ತಿ.

ತಗಡಿನವರ ಕಾಲದ ಎರಡು ಅಭ್ಯಾಸ

ಕರೆಂಟ್ ಬರುವ ಮುಂಚೆ ಬೆಸುಗೆಯ ಸಲಕರಣೆ ಎಂದರೆ ಕಬ್ಬಿಣದ ಸರಳಿನ ತುದಿಗೆ ಸಿಕ್ಕಿಸಿದ ತಾಮ್ರದ ಗಟ್ಟಿ. ಹಿಡಿಯಲು ಮರದ ಹಿಡಿಕೆ. ಅದನ್ನು ಇದ್ದಿಲಲ್ಲಿ ಕಾಯಿಸಿ ಬಕೆಟ್, ಲಾಟೀನು, ಎಣ್ಣೆ ಡಬ್ಬ ಬೆಸೆಯುತ್ತಿದ್ದರು. ತಗಡಿನ ಕೆಲಸದವರು ಈಗಲೂ ಅಲ್ಲಲ್ಲಿ ಅದನ್ನೇ ಬಳಸುತ್ತಾರೆ. ತಾಮ್ರ ಬಿಸಿಯನ್ನು ಬೇಗ ಕುಡಿದು ಬೇಗ ಕೊಡುತ್ತದೆ, ಅದಕ್ಕೇ ತಾಮ್ರ.

ಆ ಕೆಲಸದಲ್ಲಿ ಬೆಸುಗೆಯ ಗಟ್ಟಿಯನ್ನು ತಾಮ್ರದ ತುದಿಯಲ್ಲಿ ಕರಗಿಸಿಕೊಂಡು, ಹೊತ್ತುಕೊಂಡು ಹೋಗಿ ತೂತಿಗೆ ಒರೆಸುತ್ತಾರೆ. ಪೊರೆ ತೆಗೆಯುವ ಔಷಧಿಯನ್ನು ಮೊದಲೇ ತಗಡಿಗೆ ಹಚ್ಚಿರುವುದರಿಂದ ಇದು ನಡೆಯುತ್ತದೆ. ಇದು ಮೊದಲ ಅಭ್ಯಾಸ. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಇದು ಬಂದಾಗ ತೊಂದರೆ ಆಗುತ್ತದೆ. ನಮ್ಮ ಈಗಿನ ಲೆಡ್ ತಂತಿ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ರಾಳ ತುಂಬಿರುತ್ತದೆ. ಪೈನ್ ಮರದ ಅಂಟಿನಿಂದ ಬರುವ ಈ ರಾಳವೇ ಇಲ್ಲಿ ನವಸಾಗರದ ಕೆಲಸ ಮಾಡುವುದು. ಒಳಗೇ ಔಷಧಿ ತುಂಬಿದ ಇಂಥ ತಂತಿಯನ್ನು ಮೊದಮೊದಲು ಮಾರುಕಟ್ಟೆಗೆ ತಂದವರಲ್ಲಿ 1899ರಲ್ಲಿ ಅಮೆರಿಕದ ಷಿಕಾಗೊದಲ್ಲಿ ಶುರುವಾದ ಕೆಸ್ಟರ್ ಕಂಪನಿ ಒಂದು. ಈ ತಂತಿಯನ್ನು ಬಿಟ್ ತುದಿಯಲ್ಲೇ ಕರಗಿಸಿ ಹೊತ್ತುಕೊಂಡು ಬೋರ್ಡಿಗೆ ಬರುವಷ್ಟರಲ್ಲಿ ರಾಳವೆಲ್ಲ ಹೊಗೆಯಾಗಿ ಹೋಗಿರುತ್ತದೆ. ಔಷಧಿ ಇಲ್ಲದ ತವರ ಉಂಡೆಯಾಗಿ ಕೂರುತ್ತದೆ. ನೋಡಲು ಬೆಸುಗೆ, ಒಳಗೆ ಸಂಬಂಧವೇ ಇಲ್ಲ.

ಎರಡನೇ ಅಭ್ಯಾಸ ಆಸಿಡ್. ತಗಡಿನವರು ಆಸಿಡ್ಡಿಗೆ ಸತುವಿನ ಚೂರು ಹಾಕಿ, ಅದು ಕುದಿದು ನಿಂತ ಮೇಲೆ ಆ ದ್ರವವನ್ನು ಹಚ್ಚುತ್ತಾರೆ. ದಪ್ಪ ತಗಡಿಗೆ ಅದು ಸರಿ, ಕೆಲಸ ಮುಗಿದ ಮೇಲೆ ತೊಳೆದೂ ಬಿಡುತ್ತಾರೆ. ಅದನ್ನು ಸರ್ಕಿಟ್ ಬೋರ್ಡಿಗೆ ಹಚ್ಚಿದರೆ ಅವತ್ತು ಬೆಸುಗೆ ಬಹಳ ಚೆನ್ನಾಗಿ ಕೂತಂತೆ ಕಾಣುತ್ತದೆ. ಆದರೆ ಉಳಿದ ಅಂಶ ಮಳೆಗಾಲದ ತೇವ ಹೀರಿಕೊಂಡು ಕೂದಲೆಳೆಯಂಥ ತಂತಿಗಳನ್ನು ತಿನ್ನುತ್ತಾ ಹೋಗುತ್ತದೆ. ಕೆಲವು ತಿಂಗಳಲ್ಲಿ ಅಲ್ಲಿ ಹಸಿರು ಕಿಲುಬು. ಹಾಗಾಗಿ ಅಂಗಡಿಯಲ್ಲಿ ಪೇಸ್ಟ್ ಕೊಳ್ಳುವಾಗ ಎಲೆಕ್ಟ್ರಾನಿಕ್ಸಿಗೆ ಎಂದು ಹೇಳಿ, ರಾಳದ ಪೇಸ್ಟನ್ನೇ ಕೇಳಿ. ತಗಡಿನ ಔಷಧಿ ತಗಡಿಗೇ ಇರಲಿ.

ಕರೆಂಟ್ ಬಂತು, ರೇಡಿಯೊ ಬಂತು

ಕರೆಂಟಿನಿಂದ ಕಾಯುವ ಐರನ್ ಬೇಕಾದರೆ ಕೆಂಪಗೆ ಕಾದರೂ ಸುಟ್ಟುಹೋಗದ ತಂತಿ ಬೇಕಿತ್ತು. ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಮತ್ತು ಕ್ರೋಮಿಯಂ ಸೇರಿಸಿ ಅಂಥ ತಂತಿ ಮಾಡಿ 1906ರಲ್ಲಿ ಪೇಟೆಂಟ್ ಪಡೆದರು. ಅದೇ ನೈಕ್ರೋಮ್. ನಮ್ಮ ಇಸ್ತ್ರಿ ಪೆಟ್ಟಿಗೆ, ಕರೆಂಟ್ ಒಲೆ, ಸೋಲ್ಡ್ರಿಂಗ್ ಐರನ್ ಎಲ್ಲವೂ ಅದರ ಮಕ್ಕಳು. ಜರ್ಮನಿಯಲ್ಲಿ ಎರ್ನ್‌ಸ್ಟ್ ಸ್ಯಾಕ್ಸ್ 1921ರಲ್ಲಿ ಕಾರ್ಖಾನೆಗಳಿಗಾಗಿ ಕರೆಂಟ್ ಐರನ್ ತಯಾರಿಸುವ ಕಂಪನಿ ಕಟ್ಟಿದರು. ಅವರ ಹೆಸರಿನ ಮೊದಲಕ್ಷರಗಳಿಂದಲೇ ಆದ ‘ಎರ್ಸಾ’ ಕಂಪನಿ ಈಗಲೂ ಇದೆ.

ನಮ್ಮ ಕಡೆಗೆ ಬಂದರೆ, ಶಿವನಸಮುದ್ರದ ಕರೆಂಟ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿದವು. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಖಾಸಗಿ ರೇಡಿಯೊ ಪ್ರಸಾರ ಆರಂಭಿಸಿದರು. ಅದರ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೊಗೆ ಬಂತು.

ಆ ಕಾಲದ ವಾಲ್ವ್ ರೇಡಿಯೊದಲ್ಲಿ ಈಗಿನಂಥ ಬೋರ್ಡ್ ಇರಲಿಲ್ಲ. ಕಬ್ಬಿಣದ ತಟ್ಟೆಯ ಮೇಲೆ ವಾಲ್ವುಗಳು, ಕೆಳಗೆ ದಪ್ಪ ದಪ್ಪ ಕಾಲುಗಳ ರೆಸಿಸ್ಟರ್, ಕಂಡೆನ್ಸರ್. ಕಾಲನ್ನು ಕೊಕ್ಕೆಯಂತೆ ಬಗ್ಗಿಸಿ, ಹಿತ್ತಾಳೆಯ ಕಿವಿಗೆ ಸಿಕ್ಕಿಸಿ, ಮೇಲೆ ಬೆಸುಗೆ. ಅದಕ್ಕೆ 60 ವ್ಯಾಟಿನ ದಪ್ಪ ಐರನ್ನೇ ಬೇಕಿತ್ತು. ಅಮೆರಿಕದಲ್ಲಿ ಕಾರ್ಲ್ ವೆಲ್ಲರ್ ಎಂಬ ರೇಡಿಯೊ ರಿಪೇರಿಯವರಿಗೆ ಐರನ್ ಕಾಯುವವರೆಗೆ ಕಾಯುತ್ತ ಕೂರುವುದು ಬೇಸರವಾಯಿತು. ಗುಂಡಿ ಒತ್ತಿದರೆ ಸೆಕೆಂಡುಗಳಲ್ಲಿ ಕಾಯುವ, ಪಿಸ್ತೂಲಿನ ಆಕಾರದ ಐರನ್ ಮಾಡಿ 1941ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1946ರಲ್ಲಿ ಪೇಟೆಂಟ್ ಸಿಕ್ಕಿತು. ಬೆಸುಗೆಯ ಚರಿತ್ರೆಯ ದೊಡ್ಡ ಹೆಸರೊಂದು ಹುಟ್ಟಿದ್ದು ರಿಪೇರಿ ಅಂಗಡಿಯ ಮೇಜಿನ ಮೇಲೆ ಎಂಬುದನ್ನು ನಮ್ಮ ರಿಪೇರಿ ಹುಡುಗರು ನೆನಪಿಟ್ಟುಕೊಳ್ಳಬೇಕು.

ಅರದ ಜಗಳಕ್ಕೆ ತೀರ್ಪು

ಈಗ ಮೊದಲ ಪ್ರಶ್ನೆಗೆ ಬರೋಣ. ಹಳೆಯ ಐರನ್ನುಗಳ ಬಿಟ್ ಶುದ್ಧ ತಾಮ್ರ. ತವರ ತಾಮ್ರದ ಜೊತೆ ಸಂಬಂಧ ಬೆಳೆಸುತ್ತದೆ ಎಂದೆವಲ್ಲ, ಅದೇ ಇಲ್ಲಿ ಮುಳುವು. ಪ್ರತಿ ಬೆಸುಗೆಗೂ ಬಿಟ್ಟಿನ ತಾಮ್ರ ಒಂದಿಷ್ಟು ಕರಗಿ ಲೆಡ್ಡಿನಲ್ಲಿ ಸೇರಿ ಹೋಗುತ್ತದೆ. ಕೆಲವೇ ದಿನಗಳಲ್ಲಿ ತುದಿಯಲ್ಲಿ ಗುಳಿ ಬೀಳುತ್ತದೆ, ಇಲಿ ಕಡಿದಂತಾಗುತ್ತದೆ. ಆಗ ಅರದಿಂದ ಉಜ್ಜಿ, ಹೊಸ ಆಕಾರ ಕೊಟ್ಟು, ಮತ್ತೆ ಕಲಾಯಿ ಹಾಕಿಕೊಳ್ಳಲೇಬೇಕು. ಹಿರಿಯ ಮೆಕ್ಯಾನಿಕ್ ಹೇಳಿದ್ದು ಇದನ್ನೇ.

ಈ ಸವೆತಕ್ಕೆ ಬ್ರಿಟನ್ನಿನ ಮಲ್ಟಿಕೋರ್ ಕಂಪನಿ ಒಂದು ಉಪಾಯ ಹುಡುಕಿತು. ಲೆಡ್ ತಂತಿಯಲ್ಲೇ ಮೊದಲೇ ಒಂದಿಷ್ಟು ತಾಮ್ರ ಸೇರಿಸಿತು. ಹೊಟ್ಟೆ ತುಂಬಿದವನು ಮತ್ತೆ ಊಟ ಕೇಳುವುದಿಲ್ಲವಲ್ಲ, ಹಾಗೆ. ಬಿಟ್ ಉಳಿಸುತ್ತದೆ ಎಂಬ ಅರ್ಥ ಬರುವಂತೆ ಅದಕ್ಕೆ ‘ಸೇವ್‌ಬಿಟ್’ ಎಂದೇ ಹೆಸರಿಟ್ಟರು.

ಇನ್ನೊಂದು ಉಪಾಯವೇ ಕೊನೆಗೆ ಗೆದ್ದದ್ದು. ತಾಮ್ರದ ಬಿಟ್ಟಿನ ಮೇಲೆ ಕಬ್ಬಿಣದ ಪದರ ಹಚ್ಚುವುದು. ಕಬ್ಬಿಣ ತವರದಲ್ಲಿ ಬಹಳ ನಿಧಾನಕ್ಕೆ ಕರಗುತ್ತದೆ. ಒಳಗಿನ ತಾಮ್ರ ಬಿಸಿ ಹೊತ್ತು ತರುತ್ತದೆ, ಹೊರಗಿನ ಕಬ್ಬಿಣ ಸವೆತ ತಡೆಯುತ್ತದೆ. ಆದರೆ ಆ ಪದರ ಒಂದು ಮಿಲಿಮೀಟರಿಗಿಂತ ಕಡಿಮೆ. ಅರದ ನಾಲ್ಕು ಏಟಿಗೆ ಅದು ಹರಿದು ತಾಮ್ರ ಕಾಣಿಸುತ್ತದೆ. ಆಮೇಲೆ ತವರ ಆ ತೂತಿನಿಂದ ಒಳಗೆ ಹೋಗಿ ಗೆದ್ದಲು ತಿಂದ ಮರದಂತೆ ಬಿಟ್ಟನ್ನು ಟೊಳ್ಳು ಮಾಡುತ್ತದೆ. ಹುಡುಗ ಹೇಳಿದ್ದು ಇದನ್ನು.

ನಿಮ್ಮ ಕೈಯಲ್ಲಿರುವುದು ಯಾವುದು ಎಂದು ತಿಳಿಯಲು ಹಳೆಯ ಸ್ಪೀಕರಿನ ಅಯಸ್ಕಾಂತ ಸಾಕು. ಐರನ್ ತಣ್ಣಗಿರುವಾಗ ಬಿಟ್ಟಿಗೆ ಮುಟ್ಟಿಸಿ. ಗಟ್ಟಿಯಾಗಿ ಹಿಡಿದರೆ ಕಬ್ಬಿಣದ ಪದರ ಇದೆ, ಅರ ದೂರ ಇಡಿ. ಹಿಡಿಯದೆ, ಉಜ್ಜಿದ ಕಡೆ ಕೆಂಪು ಕಂಡರೆ ಬರೀ ತಾಮ್ರ, ಅರ ಹಾಕಬಹುದು.

ತಾಮ್ರದ ಬಿಟ್ ಇರುವವರು ಇನ್ನೊಂದು ಕೆಲಸ ಮಾಡಬೇಕು. ಆಗಾಗ ತಣ್ಣಗಿರುವಾಗ ಸ್ಕ್ರೂ ಸಡಿಲಿಸಿ ಬಿಟ್ಟನ್ನು ಹೊರಗೆಳೆದು, ಮೇಲೆ ಕಟ್ಟಿದ ಕಪ್ಪು ಹೊಪ್ಪಳೆ ಉದುರಿಸಿ ಮತ್ತೆ ಹಾಕಿ. ಇಲ್ಲದಿದ್ದರೆ ಅದು ಒಳಗೇ ಕಚ್ಚಿಕೊಂಡು, ಮುಂದೆ ಎಳೆದಾಗ ಕಾಯಿಲ್ ಜೊತೆಗೇ ಬರುತ್ತದೆ.

ಬೋರ್ಡ್ ಬಂದ ಮೇಲೆ ಕೈ ಹಗುರಾಗಬೇಕಾಯಿತು

ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿಗೆ ಹೋಗಿ ನೆಲೆಸಿದ ಪಾಲ್ ಐಸ್ಲರ್ ಎಂಬ ಎಂಜಿನಿಯರ್, ತಂತಿಗಳ ಬದಲು ಹಲಗೆಯ ಮೇಲೆ ತಾಮ್ರದ ಗೆರೆಗಳನ್ನೇ ಉಳಿಸಿಕೊಳ್ಳುವ ಉಪಾಯಕ್ಕೆ 1943ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಅದೇ ನಮ್ಮ ಪಿಸಿಬಿಯ ಮೂಲ. 1956ರ ಹೊತ್ತಿಗೆ ಬ್ರಿಟನ್ನಿನಲ್ಲಿ ಕರಗಿದ ಲೆಡ್ಡಿನ ಅಲೆಯ ಮೇಲೆ ಬೋರ್ಡ್ ತೇಲಿಸಿ ನೂರಾರು ಬೆಸುಗೆ ಒಂದೇ ಸಲ ಹಾಕುವ ಯಂತ್ರ ಬಂತು.

ಬೋರ್ಡಿನ ತಾಮ್ರದ ಹಾಳೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ 35 ಭಾಗದಷ್ಟು ದಪ್ಪ. ಅದನ್ನು ಅಂಟಿನಿಂದ ಕೂರಿಸಿರುತ್ತಾರೆ. ರೇಡಿಯೊ ಕಾಲದ 60 ವ್ಯಾಟಿನ ಐರನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಅಂಟು ಬಿಟ್ಟು ಹಾಳೆ ಎದ್ದು ಬರುತ್ತದೆ. ಹಾಗಾಗಿ ಬೋರ್ಡಿಗೆ 25 ವ್ಯಾಟಿನ ಐರನ್ ಸಾಕು, ಬಿಸಿ ಹೊಂದಿಸುವಂಥದ್ದಾದರೆ 320ರಿಂದ 350 ಡಿಗ್ರಿ.

ಕ್ರಮ ಕಲಾಯಿಯವರದ್ದೇ. ಬಿಟ್ ತುದಿ ಬೆಳ್ಳಗಿರಲಿ. ಅದು ಬಿಡಿಭಾಗದ ಕಾಲಿಗೂ ಬೋರ್ಡಿನ ತಾಮ್ರಕ್ಕೂ ಒಟ್ಟಿಗೆ ತಾಗಲಿ. ಒಂದು ಎಣಿಸಿ. ಲೆಡ್ಡನ್ನು ಬಿಟ್ಟಿಗಲ್ಲ, ಎದುರು ಬದಿಯಿಂದ ಆ ಕಾಲಿಗೆ ಮುಟ್ಟಿಸಿ. ಕಾಲು ಕಾದಿದ್ದರೆ ಲೆಡ್ ತಾನಾಗಿ ಕರಗಿ ಬಿಸಿ ಇರುವ ಕಡೆ ಓಡುತ್ತದೆ. ಮೊದಲು ಲೆಡ್ ತೆಗೆಯಿರಿ, ಆಮೇಲೆ ಬಿಟ್. ಎಲ್ಲ ಸೇರಿ ಎರಡು ಮೂರು ಸೆಕೆಂಡ್. ಗಟ್ಟಿಯಾಗುವವರೆಗೆ ಊದಬೇಡಿ, ಅಲ್ಲಾಡಿಸಬೇಡಿ. ಒಳ್ಳೆಯ ಬೆಸುಗೆ ಗುಡ್ಡದ ಇಳಿಜಾರಿನಂತೆ ಕಾಲಿನಿಂದ ಬೋರ್ಡಿಗೆ ಇಳಿದಿರುತ್ತದೆ. ಉಂಡೆಯಂತೆ ಕೂತಿದ್ದರೆ ಅದು ಡ್ರೈ ಸೋಲ್ಡರ್, ಮತ್ತೆ ಮಾಡಬೇಕು.

ಒಂದು ಬೆಸುಗೆಯ ಬೆಲೆ ಏನು ಎನ್ನುವುದಕ್ಕೆ ನಮ್ಮ ನೆಲದ್ದೇ ಒಂದು ಉದಾಹರಣೆ ಇದೆ. ಹಳ್ಳಿಗಳಿಗೆ ಫೋನ್ ಕೊಡಲು 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ 128 ಲೈನಿನ ಪುಟ್ಟ ಎಕ್ಸ್‌ಚೇಂಜ್ ರೂಪಿಸಿತು. ಅದರಲ್ಲಿ ಮೊದಲನೆಯದು 1986ರ ಜುಲೈನಲ್ಲಿ ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಹೊರದೇಶದ ಎಕ್ಸ್‌ಚೇಂಜುಗಳಿಗೆ ಏಸಿ ಕೋಣೆ ಬೇಕಿತ್ತು. ಇದು ಏಸಿ ಇಲ್ಲದೆ, ಧೂಳು ಸೆಖೆಯ ನಡುವೆ ನಡೆಯಬೇಕಿತ್ತು. ಹಗಲು ಬೋರ್ಡ್ ಕಾದು ಹಿಗ್ಗುತ್ತದೆ, ರಾತ್ರಿ ತಣಿದು ಕುಗ್ಗುತ್ತದೆ. ಆ ಎಳೆದಾಟವನ್ನು ದಿನವೂ ತಡೆದುಕೊಳ್ಳುವುದು ಆ ಬೋರ್ಡುಗಳ ಒಂದೊಂದು ಬೆಸುಗೆ. ಒಂದು ಬಿಟ್ಟುಕೊಂಡರೂ ಯಾರದೋ ಮನೆಯ ಸಾವಿನ ಸುದ್ದಿ, ಹೆರಿಗೆಯ ಸುದ್ದಿ ತಲುಪುವುದಿಲ್ಲ.

ಸೀಸಕ್ಕೆ ವಿದಾಯ, ಹೊಸ ತಲೆನೋವು

ಸೀಸ ವಿಷ. ಹಳೆಯ ಟಿವಿ, ಕಂಪ್ಯೂಟರ್ ತಿಪ್ಪೆಗೆ ಬಿದ್ದರೆ ಅದು ಮಣ್ಣು ನೀರು ಸೇರುತ್ತದೆ. ಹಾಗಾಗಿ ಯುರೋಪ್ ಒಕ್ಕೂಟ 2006ರ ಜುಲೈ 1ರಿಂದ ಹೆಚ್ಚಿನ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸ ನಿಷೇಧಿಸಿತು. ನಮ್ಮ ದೇಶದಲ್ಲಿ 2012ರ ಮೇ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳೂ ಹೊಸ ಉಪಕರಣಗಳಲ್ಲಿ ಸೀಸಕ್ಕೆ ಮಿತಿ ಹಾಕಿದವು.

ಸೀಸದ ಜಾಗಕ್ಕೆ ಬಂದದ್ದು ತವರಕ್ಕೆ ಸ್ವಲ್ಪ ಬೆಳ್ಳಿ, ಸ್ವಲ್ಪ ತಾಮ್ರ ಸೇರಿಸಿದ ಮಿಶ್ರಣ. ಅದು ಕರಗುವುದು 217 ಡಿಗ್ರಿಯ ಆಸುಪಾಸಿನಲ್ಲಿ. ಈಗ ನಿಮ್ಮ ಹತ್ತಿರ ಬರುವ ಹೊಸ ಬೋರ್ಡುಗಳ ಬೆಸುಗೆ “ಕರಗುತ್ತಲೇ ಇಲ್ಲ” ಅನ್ನಿಸುವುದು ಇದರಿಂದ. ಬಿಸಿ ಜೋರು ಮಾಡುವ ಬದಲು, ಹಳೆಯ 60–40 ಲೆಡ್ಡನ್ನು ಮೇಲೆ ಸ್ವಲ್ಪ ಸೇರಿಸಿದರೆ ಮಿಶ್ರಣ ಕಡಿಮೆ ಬಿಸಿಗೆ ಕರಗುತ್ತದೆ. ಸೀಸವಿಲ್ಲದ ಬೆಸುಗೆ ಚೆನ್ನಾಗಿದ್ದರೂ ಮಂಕಾಗಿಯೇ ಕಾಣುತ್ತದೆ ಎನ್ನುವುದೂ ಗೊತ್ತಿರಲಿ. ಹೊಳಪಿಲ್ಲ ಎಂದು ಸುಮ್ಮನೆ ಕೆದಕಬೇಡಿ. ಇದರಲ್ಲಿ ತವರ ಜಾಸ್ತಿ, ಬಿಸಿಯೂ ಜಾಸ್ತಿ, ಹಾಗಾಗಿ ಕಬ್ಬಿಣದ ಪದರದ ಬಿಟ್ ಕೂಡ ಬೇಗ ಸವೆಯುತ್ತದೆ.

ಸೀಸ ಸೇರಿಸುತ್ತಿದ್ದುದಕ್ಕೆ ಇನ್ನೊಂದು ಕಾರಣ ಇತ್ತು. ಶುದ್ಧ ತವರದಿಂದ ತಾನಾಗಿ ಕೂದಲಿನಂಥ ಸಣ್ಣ ಎಳೆಗಳು ಬೆಳೆಯುತ್ತವೆ. ಸೀಸ ಸೇರಿದರೆ ಅವು ಅಷ್ಟಾಗಿ ಬೆಳೆಯುವುದಿಲ್ಲ. 1998ರ ಮೇ 19ರಂದು ಗ್ಯಾಲಕ್ಸಿ-4 ಎಂಬ ಉಪಗ್ರಹ ಕೆಟ್ಟು, ಅಮೆರಿಕದ ಬಹುಪಾಲು ಪೇಜರುಗಳು ಒಮ್ಮೆಲೇ ಮೂಕಾದವು. ಅಂಥ ತವರದ ಎಳೆಯೊಂದರಿಂದ ಶಾರ್ಟ್ ಆಗಿ ಹೀಗಾಯಿತು ಎಂಬ ತೀರ್ಮಾನಕ್ಕೆ ಉಪಗ್ರಹ ತಯಾರಿಸಿದವರು ಬಂದರು. ಮೇಲಿನ ಆಕಾಶದಲ್ಲೂ ಕಥೆ ತವರ ಸೀಸದ್ದೇ.

ನಮ್ಮ ಹಳ್ಳಿಯದೇ ಒಂದು ತೊಂದರೆ: ವೋಲ್ಟೇಜ್

ಪುಸ್ತಕಗಳಲ್ಲಿ ಬರೆಯದ ಒಂದು ವಿಷಯ ನಮ್ಮ ಕಡೆಯವರಿಗೆ ಮುಖ್ಯ. ಸಾಯಂಕಾಲ ಎಲ್ಲ ಪಂಪುಗಳೂ ಓಡುವಾಗ ವೋಲ್ಟೇಜ್ 230ರಿಂದ 170ಕ್ಕೆ ಇಳಿಯಿತು ಎನ್ನಿ. ಐರನ್ನಿನ ಬಿಸಿ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 25 ವ್ಯಾಟಿನ ಐರನ್ ಆಗ ಕೊಡುವುದು ಸುಮಾರು 14 ವ್ಯಾಟ್ ಮಾತ್ರ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಲೆಡ್ ಬಿಟ್ಟಿನ ಮೇಲೆ ಕರಗುತ್ತದೆ, ಆದರೆ ಬಿಡಿಭಾಗದ ಕಾಲು ಕಾಯುವುದಿಲ್ಲ. ಫಲ, ಡ್ರೈ ಸೋಲ್ಡರ್. ಗಿರಾಕಿ ವಾರದಲ್ಲಿ ಅದೇ ಬೋರ್ಡ್ ಹಿಡಿದು ವಾಪಸ್ ಬರುತ್ತಾನೆ, ಹೆಸರು ಕೆಡುವುದು ಹುಡುಗನದ್ದು. ದಪ್ಪ ಕಾಲಿನ ಬೆಸುಗೆಗಳನ್ನು ವೋಲ್ಟೇಜ್ ಸರಿ ಇರುವ ಹೊತ್ತಿಗೆ ಇಟ್ಟುಕೊಳ್ಳುವುದು ಜಾಣತನ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಬಿಸಿ ಹೊಂದಿಸುವ ವ್ಯವಸ್ಥೆ ಇಲ್ಲದ ಐರನ್ನನ್ನು ಸುಮ್ಮನೆ ಹಚ್ಚಿಟ್ಟರೆ ಕಾಯುತ್ತಲೇ ಹೋಗುತ್ತದೆ, ತುದಿಯ ಕಲಾಯಿ ಸುಟ್ಟು ಕಪ್ಪಾಗುತ್ತದೆ. ಹತ್ತು ನಿಮಿಷ ಕೆಲಸವಿಲ್ಲದಿದ್ದರೆ ಆಫ್ ಮಾಡಿ. ಆಫ್ ಮಾಡುವ ಮುಂಚೆ ತುದಿಗೆ ಒಂದು ತೊಟ್ಟು ಹೊಸ ಲೆಡ್ ಹಾಕಿ ಹಾಗೇ ಬಿಡಿ. ಗಾಳಿ ತಾಗುವುದು ಆ ತೊಟ್ಟಿಗೆ, ಬಿಟ್ಟಿಗಲ್ಲ. ಒರೆಸುವ ಸ್ಪಂಜ್ ನೀರು ಸೋರುವಂತಿರಬಾರದು, ಹಿಂಡಿದ ಬಟ್ಟೆಯಂತಿರಬೇಕು. ಹಿತ್ತಾಳೆಯ ಉಜ್ಜುವ ನಾರು ಇದ್ದರೆ ಇನ್ನೂ ಒಳ್ಳೆಯದು.

ಕೈ ತೊಳೆದುಕೊಳ್ಳಿ

1845ರಲ್ಲಿ ಉತ್ತರ ಧ್ರುವದ ಕಡೆಗೆ ಹೊರಟ ಜಾನ್ ಫ್ರಾಂಕ್ಲಿನ್ನನ ತಂಡದ 129 ಜನ ಹಿಂತಿರುಗಲಿಲ್ಲ. ಅವರ ಊಟದ ಡಬ್ಬಗಳನ್ನು ಸೀಸದ ಬೆಸುಗೆಯಿಂದ ಮುಚ್ಚಿದ್ದರು. 1980ರ ದಶಕದಲ್ಲಿ ಅವರಲ್ಲಿ ಕೆಲವರ ಶವ ತೆಗೆದು ಪರೀಕ್ಷಿಸಿದಾಗ ಸೀಸ ಹೆಚ್ಚಾಗಿತ್ತು. ಸಾವಿಗೆ ಅದೇ ಕಾರಣವೇ ಎಂಬ ವಾದ ಮುಗಿದಿಲ್ಲ. ಆದರೆ ಸೀಸ ದೇಹ ಸೇರುವುದು ಬಾಯಿಯ ದಾರಿಯಿಂದ ಎಂಬುದರಲ್ಲಿ ವಾದವಿಲ್ಲ.

ಐರನ್ನಿನ ಬಿಸಿಗೆ ಸೀಸ ಆವಿಯಾಗುವುದಿಲ್ಲ. ಏಳುವ ಹೊಗೆ ರಾಳದ್ದು. ಅದೂ ಸುಮ್ಮನೆ ಅಲ್ಲ, ವರ್ಷಗಟ್ಟಲೆ ಉಸಿರಾಡಿದರೆ ಉಬ್ಬಸ ತರುತ್ತದೆ. ಹಾಗಾಗಿ ಕಿಟಕಿ ತೆರೆದಿಡಿ, ಸಣ್ಣ ಫ್ಯಾನ್ ಇಟ್ಟು ಹೊಗೆಯನ್ನು ಮುಖದಿಂದ ಆಚೆ ಎಳೆಯಿರಿ. ಸೀಸ ಮಾತ್ರ ಬೆರಳಿಗೆ ಅಂಟುತ್ತದೆ. ಎರಡು ಕೈಗೂ ಕೆಲಸ ಇರುವಾಗ ಲೆಡ್ ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ನಮ್ಮ ಅಂಗಡಿಗಳಲ್ಲಿ ಬಹಳ. ಅದನ್ನು ಇವತ್ತೇ ಬಿಡಿ. ಅದೇ ಕೈಯಲ್ಲಿ ಬೋಂಡ ತಿನ್ನಬೇಡಿ. ಸೋಪು ಹಚ್ಚಿ ತೊಳೆದು ತಿನ್ನಿ. ಅಂಗಡಿ ಮನೆಯಲ್ಲೇ ಇದ್ದರೆ ಲೆಡ್ ಚೂರು ನೆಲಕ್ಕೆ ಬೀಳದಂತೆ, ಅಂಬೆಗಾಲಿಡುವ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಸೀಸದಿಂದ ಹೆಚ್ಚು ಕೆಡುವುದು ಮಕ್ಕಳ ಮಿದುಳು.

ಕಲಾಯಿಯವರು ಈಗ ಊರಿಗೆ ಬರುವುದು ಅಪರೂಪ. ಸ್ಟೀಲ್ ಪಾತ್ರೆ ಬಂದ ಮೇಲೆ ಅವರ ತಿದಿ ಆರಿತು. ಅವರಿಗೆ ಗೊತ್ತಿದ್ದ ನಾಲ್ಕು ಮಾತು ಮಾತ್ರ ಆರಿಲ್ಲ: ಮೊದಲು ಶುದ್ಧ ಮಾಡು, ವಸ್ತುವನ್ನೇ ಕಾಯಿಸು, ಔಷಧಿ ಹಾಕು, ಆಮೇಲೆ ತವರ ಮುಟ್ಟಿಸು. ನಿಮ್ಮ ಊರಿನಲ್ಲಿ ಹಳೆಯ ರೇಡಿಯೊ ಮೆಕ್ಯಾನಿಕ್ ಯಾರಾದರೂ ಇದ್ದರೆ ಒಂದು ಸಂಜೆ ಹೋಗಿ ಅವರ ಪಕ್ಕ ಕೂತು ಬನ್ನಿ. ಅವರ ಅರ ನಿಮ್ಮ ಬಿಟ್ಟಿಗೆ ಆಗಲಿಕ್ಕಿಲ್ಲ. ಅವರ ಕೈಯ ಹದ ಮಾತ್ರ ಇವತ್ತಿನ ಬೋರ್ಡಿಗೂ ಬೇಕು.